ಪಟಾಕಿಗೆ ಬೆಚ್ಚದ ಕೂಸು

ಜೀರಹಳ್ಳಿಯ ನಮ್ಮ ಕಬ್ಬಿಗೆ ಹಗಲಲ್ಲೇ ನುಗ್ಗಿದ್ದ ಆನೆಯನ್ನು ಓಡಿಸಲು ಅರಣ್ಯ ಇಲಾಖೆಯ ವಾಚರ್ ಮನೆಯ ಹಿಂದೆಯೇ ಪಟಾಕಿ ಸಿಡಿಸಿದ. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ವರ್ಷ ತುಂಬಲು ವಾರವಿದ್ದ ನನ್ನ ಮಗ ಮಹೇಶ ಮಾತ್ರ ಜಗುಲಿಯ ಮೇಲೆ ಕೂತು ತಟ್ಟೆ ತಿರುಗಿಸುತ್ತಲೇ ಇದ್ದ.

ಆನೆ ಕಾಡು ಸೇರಿದ ಮೇಲೆ ವಾಚರ್ ನೀರು ಕುಡಿಯಲು ಬಂದ. "ನಮ್ ಕೂಸು ಪಟಾಕಿಗೂ ಅಂಜಾಕಿಲ್ಲ ಕಣಪ್ಪ, ಗಂಡುಗಲಿ" ಎಂದು ನನ್ನ ಅವ್ವ ಎಂದಿನಂತೆ ಹೊಗಳಿದಳು.

ಆತ ಮಗುವಿನ ಹೆಸರು ಕೇಳಿಕೊಂಡ. ಮಗುವಿನ ಬೆನ್ನ ಹಿಂದೆ ಕೂತು ಹೆಸರು ಹಿಡಿದು ಮೂರು ಸಲ ಕೂಗಿದ. ಮಹೇಶ ತಿರುಗಲಿಲ್ಲ. ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮೆಲ್ಲಗೆ ಪರಪರ ಅನ್ನಿಸಿದ. ತಕ್ಷಣ ತಿರುಗಿದ ಮಗು ಪೊಟ್ಟಣ ನೋಡಿತು, ಅವನ ಮುಖ ನೋಡಲಿಲ್ಲ.

"ಕಿವಿ ಕೇಳ್ತದೆ ಕಣಣ್ಣ. ನನ್ ಮಗನೂ ಇಂಗೇ ಇದ್ದ. ಧೈರ್ಯ ಅನ್ಕಂಡು ನಾಕು ವರ್ಸ ಸುಮ್ಕಿದ್ಬುಟ್ಟೆ. ನೀನು ಈಗ್ಲೇ ದೊಡ್ಡಾಸ್ಪತ್ರೆಗೆ ತೋರ್ಸು" ಎಂದು ನನಗೆ ಹೇಳಿ, ನೀರು ಕುಡಿದು ಹೋದ.

ಮೈಸೂರಿನ ವೈದ್ಯರು ಹಲವು ಸಲ ನೋಡಿದ ಮೇಲೆ ಆಟಿಸಂ ಎಂದರು. ಈಗಲೂ ಆನೆ ಬರುತ್ತದೆ, ಪಟಾಕಿ ಸಿಡಿಯುತ್ತದೆ. ಊರೆಲ್ಲ ಹೊಲದ ಕಡೆ ನೋಡುವಾಗ ನಾವು ಈ ಸಲವಾದರೂ ಬೆಚ್ಚುತ್ತಾನೇನೋ ಎಂದು ಮಹೇಶನ ಮುಖ ನೋಡುತ್ತೇವೆ.