ಕೂಸು ಬೆಳೆದಂತೆ ಹೆಚ್ಚಿದ ಮದ್ದು

ಮೊದಲ ಹೆರಿಗೆಯಲ್ಲಿ ಕೂಸು ದುಂಡಗೆ, ದಪ್ಪಗೆ ಇತ್ತು. ಉಸಿರಿರಲಿಲ್ಲ. ಎರಡನೆಯ ಸಲ ಬಸಿರಾಗಿ ಐದು ತಿಂಗಳು ಕಳೆಯುವಷ್ಟರಲ್ಲಿ ನನಗೆ ತಡೆಯಲಾರದ ಬಾಯಾರಿಕೆ ಶುರುವಾಯಿತು. ನಾನು ಮೂತ್ರಕ್ಕೆ ಕುಳಿತೆದ್ದ ಬಚ್ಚಲ ಕಲ್ಲಿಗೆ ಇರುವೆಗಳು ಮುತ್ತುತ್ತಿದ್ದವು. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿಯ ಮನೆ. ಗಂಡ ಗಿರಣಿಯನ್ನು ಆಳುಗಳಿಗೆ ಒಪ್ಪಿಸಿ ನನ್ನನ್ನು ಹೊಸಪೇಟೆಗೆ ಕರೆದುಕೊಂಡು ಹೋದರು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನಿಂದ ಓಡುವ, ಹೊಗೆ ಉಗುಳುವ ಬಸ್ಸಿನಲ್ಲಿ ಹೋದೆವು.

ಅಲ್ಲಿನ ಲೇಡಿ ಡಾಕ್ಟರು ನನ್ನ ಮೂತ್ರದ ಕೆಲವು ಹನಿಗಳನ್ನು ನೀಲಿ ನೀರಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣ ಬಂತು.

"ಸಕ್ಕರಿ ಭಾಳ ಐತಿ," ಎಂದರು. "ಹೋದ ಸಲದ ಕೂಸು ಇದರಿಂದನ ಹೋಗಿರಬೇಕು. ದಿನಾ ಎರಡು ಹೊತ್ತು ಇನ್ಸುಲಿನ್ ಸೂಜಿ ಹಾಕಬೇಕು. ಕಂಪ್ಲ್ಯಾಗ ಹಾಕೋರು ಯಾರದಾರ? ಹೆರಿಗಿ ಆಗೋತನ ಇಲ್ಲೇ ಇರ್ರಿ."

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ವಯಸ್ಸಾದ ವೈಷ್ಣವ ವಿಧವೆ, ಬಲು ಮಡಿ. ನನ್ನ ಕೋಣೆಗೂ ಅವರ ಮನೆಗೂ ನಡುವೆ ಒಂದು ಬಾಗಿಲಿತ್ತು, ಅದು ಯಾವಾಗಲೂ ಮುಚ್ಚಿರುತ್ತಿತ್ತು. ಅತ್ತೆಗೆ ಮಂಡಿನೋವು, ಬರಲಾಗಲಿಲ್ಲ. ತವರಿನಲ್ಲಿ ತಾಯಿ ಇರಲಿಲ್ಲ. ಗಂಡ ಗಿರಣಿಗೆ ಬಿಡುವು ಸಿಕ್ಕಾಗ ಬರುತ್ತಿದ್ದರು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು.

ಬೆಳಿಗ್ಗೆ ಹೋಗಿ ಸೂಜಿ ಹಾಕಿಸಿಕೊಂಡು ಬರುವುದು, ರೊಟ್ಟಿ ಪಲ್ಯ ಮಾಡಿಕೊಂಡು ತಿನ್ನುವುದು, ಸಂಜೆ ಮತ್ತೆ ಹೋಗುವುದು. ಅಕ್ಕಿಯ ಮನೆಯ ಸೊಸೆಗೆ ಡಾಕ್ಟರು ಅನ್ನ ಬಿಡಿಸಿದ್ದರು. ಮಾತಾಡಲು ಯಾರೂ ಇಲ್ಲದೆ ಕೆಲವು ದಿನ ನನ್ನ ದನಿಯೇ ನನಗೆ ಹೊಸದೆನಿಸುತ್ತಿತ್ತು.

ಹೊಟ್ಟೆ ಬೆಳೆದಂತೆ ಡಾಕ್ಟರು ಮದ್ದು ಏರಿಸುತ್ತ ಹೋದರು. ಸಿರಿಂಜಿನ ಗಾಜಿನ ಮೇಲೆ ಮದ್ದು ಗೆರೆಯಿಂದ ಗೆರೆಗೆ ಮೇಲೇರುವುದನ್ನು ನೋಡಿ ನನ್ನ ರೋಗ ಕೈಮೀರುತ್ತಿದೆ ಎಂದುಕೊಂಡೆ. ಕೇಳಲು ಧೈರ್ಯವಾಗಲಿಲ್ಲ. ಗಂಡನಿಗೆ ಹೇಳಿದರೆ, "ಡಾಕ್ಟರಮ್ಮಗ ಗೊತ್ತಿರತೈತಿ ಬಿಡು," ಎಂದರು. ಅತ್ತೆ ಅವರ ಕೈಲಿ ಹೇಳಿ ಕಳಿಸಿದ್ದು ಬೇರೆಯೇ: "ಹಂಪಿ ವಿರೂಪಾಕ್ಷಗ ಬೇಡಿಕೊಂಡೀನಿ. ಶ್ರಾವಣ ಸೋಮವಾರ ಉಪವಾಸ ಹಿಡಿ ಅನ್ನು."

ಹಿಡಿದೆ. ಆ ಸೋಮವಾರ ಸೂಜಿ ಹಾಕಿಸಿಕೊಂಡು ಬಂದು ನೀರನ್ನೂ ಮುಟ್ಟದೆ ಕುಳಿತೆ. ಸ್ವಲ್ಪ ಹೊತ್ತಿಗೆ ಕೈ ನಡುಗತೊಡಗಿತು. ಸೀರೆ ಬೆವರಿನಿಂದ ಒದ್ದೆಯಾಯಿತು. ಏಳಲು ಹೋಗಿ ತಂಬಿಗೆಯನ್ನು ಕೆಡವಿ ನಾನೂ ಬಿದ್ದೆ. ಮುಚ್ಚಿದ ಬಾಗಿಲು ತೆರೆದ ಸದ್ದು ಕೇಳಿಸಿತು.

ಕಣ್ಣು ಬಿಟ್ಟಾಗ ನನ್ನ ತಲೆ ಮನೆಯೊಡತಿಯ ತೊಡೆಯ ಮೇಲಿತ್ತು. ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಬಾಯಿಗೆ ಬಿಡುತ್ತಿದ್ದರು.

"ಅಮ್ಮಾ, ನಿಮ್ಮ ಮಡಿ..." ಎಂದೆ.

"ಮತ್ತ ನೀರು ಹಾಕ್ಕೊಂಡ್ರಾತು. ನೀ ಕುಡಿಯವಾ," ಎಂದರು.

ಡಾಕ್ಟರನ್ನು ಅವರೇ ಕರೆಸಿದರು. ಡಾಕ್ಟರು ಬೈಯಲಿಲ್ಲ, ಪಕ್ಕದಲ್ಲಿ ಕುಳಿತರು.

"ಸೂಜಿ ಹಾಕಿಸ್ಕೊಂಡು ಉಣ್ಣದಿದ್ರ ರಕ್ತದಾಗಿನ ಸಕ್ಕರಿ ಪೂರಾ ಇಳಿದುಬಿಡತೈತಿ. ಜೀವಕ್ಕ ಅಪಾಯ. ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ."

ಆಗ ಕೇಳಿದೆ. "ಮದ್ದು ಏರಿಸಾಕತ್ತೀರಿ. ನನಗ ಭಾಳ ಆಗೈತೇನ್ರಿ?"

"ಇಷ್ಟು ದಿನ ಅದನ್ನ ಮನಸಿನ್ಯಾಗ ಇಟ್ಕೊಂಡು ಕುಂತಿದ್ರೇನು? ಬಸಿರು ಬೆಳೆದಂಗ ಮೈ ಈ ಮದ್ದಿನ ಮಾತು ಕೇಳೂದಿಲ್ಲ. ಮೊದಲು ಸಾಕಾದದ್ದು ಈಗ ಸಾಲೂದಿಲ್ಲ, ಅದಕ್ಕ ಹೆಚ್ಚು ಹಾಕ್ತೀನಿ. ರೋಗ ಕೆಟ್ಟೈತಂತಲ್ಲ. ಹೆರಿಗಿ ಆದ ಕೂಡ್ಲೆ ತಾನ ಇಳೀತೈತಿ."

ನನಗೆ ಅಳು ಒತ್ತರಿಸಿ ಬಂತು. ಎಷ್ಟೋ ವಾರಗಳಿಂದ ಸಾವಿಗೆ ಸಿದ್ಧಳಾಗುತ್ತಿದ್ದೆ ಎಂಬುದು ಅತ್ತ ಮೇಲೆಯೇ ನನಗೆ ತಿಳಿಯಿತು.

ಕೂಸು ಮತ್ತೆ ಹೊಟ್ಟೆಯಲ್ಲೇ ಹೋಗಬಾರದೆಂದು ಡಾಕ್ಟರು ತಿಂಗಳು ತುಂಬುವ ಮುಂಚೆಯೇ ನೋವು ಬರಿಸಿದರು. ಹೆಣ್ಣು ಮಗು. ಹುಟ್ಟಿದೊಡನೆ ಅತ್ತಿತು. ಮರುದಿನ ಬೆಳಿಗ್ಗೆ ರೂಢಿಯಂತೆ ತೋಳು ಚಾಚಿದೆ. ಡಾಕ್ಟರು ಅದನ್ನು ಮೆಲ್ಲಗೆ ಹಿಂದೆ ಸರಿಸಿ, "ಇವತ್ತು ಬ್ಯಾಡ," ಎಂದರು. ಮುಂದೆಯೂ ಬೇಕಾಗಲಿಲ್ಲ. ನೀಲಿ ನೀರು ಕುದಿದರೂ ನೀಲಿಯಾಗಿಯೇ ಉಳಿಯಿತು.

ಕಂಪ್ಲಿಯ ಮನೆ ತುಂಬ ನೆಂಟರು. ಅತ್ತೆ ಮಗುವನ್ನು ಕೆಳಗಿಡದೆ, ತಮ್ಮ ಹರಕೆ ಫಲಿಸಿತೆಂದು ಬಂದವರಿಗೆಲ್ಲ ಹೇಳಿದರು. ಸೋಮವಾರದ ಸಂಗತಿ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನಾರೋ ಬಂದರು.

ನೆಂಟರೆಲ್ಲ ಹೋದ ಮೇಲೆ ಗಂಡ ತೊಟ್ಟಿಲ ಬಳಿ ನಿಂತು ಕೇಳಿದರು: "ಅಲ್ಲಿ ಒಬ್ಬಾಕೆನ ಇದ್ದಿ. ಏನೂ ತ್ರಾಸ ಆಗಲಿಲ್ಲಲ್ಲ?"

ಅವರ ಮುಖ ಅಷ್ಟು ನಿರಾಳವಾಗಿತ್ತು.

"ಇಲ್ಲರಿ," ಎಂದೆ.