ನೇರ ಎಳೆದ ವೈರು

ಚಿತ್ತವಾಡ್ಗಿಯ ಟಿವಿ ಮೆಕ್ಯಾನಿಕ್ ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಏನು ಕೇಳಿದರೂ "ತಡೀರಿ, ಚಿತ್ರ ಬರ್ಲಿ" ಎನ್ನುತ್ತಿದ್ದ. ನನ್ನ ಮಗಳ ವಿಡಿಯೋ ಗೇಮಿನ ಚಿತ್ರ ಆಂಟೆನಾ ದಾರಿಯಲ್ಲಿ ಬಂದು ಮಸುಕಾಗುತ್ತಿತ್ತು. ಅವನು ಗೇಮಿನ ಪೆಟ್ಟಿಗೆ ಬಿಚ್ಚಿ, ಒಳಗಿನಿಂದ ವೈರು ಎಳೆದು, ನೇರವಾಗಿ ನಮ್ಮ ಹಳೆಯ ಟಿವಿಯೊಳಕ್ಕೆ ಜೋಡಿಸಿದ. ಬಣ್ಣಗಳು ತೊಳೆದಿಟ್ಟಂತೆ ಕಂಡವು. ಟಿವಿ, ಗೇಮು ಎರಡನ್ನೂ ಹೊತ್ತು ಯಶವಂತನಗರದ ಮನೆಗೆ ಮರಳಿದೆ.

ಮರುದಿನ ಅವನು ಮೊದಲ ಬಸ್ಸಿಗೇ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದ.

"ಹುಡುಗಿ ಗೇಮ್ ಮುಟ್ಟ್ಯಾಳೇನ್ರಿ? ನಿಮ್ಮ ಟಿವಿ ಒಳಗ ಮೇನ್ ಕರೆಂಟ್ ಹರೀತೈತಿ. ಆ ವೈರ್‌ನಾಗ ಗೇಮಿಗೂ ಬರ್ತೈತಿ, ಮುಟ್ಟಿದ್ರ ಶಾಕ್ ಹೊಡೀತೈತಿ. ಆಗ ನಂಗ ಹೊಳೀಲಿಲ್ಲ."

"ನಿನ್ನಿಯಿಂದ ಇಲ್ಲಿ ಕರೆಂಟೇ ಇಲ್ರಿ," ಎಂದೆ.

ಅವನು ಹೊಸ್ತಿಲ ಮೇಲೆಯೇ ಕುಸಿದು ಕುಳಿತ. ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದ. ಆಮೇಲೆ ಎದ್ದು ವೈರು ಕತ್ತರಿಸಿದ. ಮಗಳು ಅಳತೊಡಗಿದಳು.

"ಮಸುಕಾದ್ರ ಆಗ್ಲಿ ಬಿಡವ್ವ," ಎಂದ.