ಪೈದಲ್ ಹರಕೆ

ಮಸ್ಕಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಸಿಂಧನೂರು ರಸ್ತೆಯಲ್ಲಿ ಬಿರಬಿರನೆ ನಡೆಯುತ್ತಿದ್ದೆ. ಪಕ್ಕದಲ್ಲೊಂದು ಬೈಕು ಗಕ್ಕನೆ ನಿಂತಿತು. "ಯಾಕ್ರಿ ಸರ್, ಪೈದಲ್ ಹೊಂಟೀರಿ? ಹತ್ರಿ, ಬಿಡ್ತೀನಿ." ಗುರುತು ಪರಿಚಯವಿಲ್ಲದ ಮನುಷ್ಯ. ಬೇಡವೆಂದು ಕಳಿಸಿದೆ. ಹಿಂದೆಯೇ ಇನ್ನೊಂದು ಬೈಕು, ಅದರ ಹಿಂದೆ ಟ್ರ್ಯಾಕ್ಟರು. ಪೈದಲ್ ಎಂದರೆ ಕಾಲ್ನಡಿಗೆ. ಮೈಸೂರಿನವನಾದ ನಾನು ಇಲ್ಲಿ ಕಲಿತ ಮೊದಲ ಪದವೇ ನನ್ನ ಅಪರಾಧದ ಹೆಸರಾಗಿತ್ತು.

ನಡೆಯುವುದು ನನಗೆ ಶೋಕಿಯಲ್ಲ. ಸಕ್ಕರೆ ಕಾಯಿಲೆ ಅಪ್ಪನ ಒಂದು ಕಾಲನ್ನು ತಿಂದು, ಆಮೇಲೆ ಅಪ್ಪನನ್ನೇ ಒಯ್ದಿತ್ತು. ಇಲ್ಲಿನ ಕಾಲೇಜಿಗೆ ವರ್ಗವಾಗಿ ಬಂದವನು ಸಿಂಧನೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. "ಇನ್ನಾ ಬಂದಿಲ್ಲ, ಬಾಗಲ್ದಾಗ ನಿಂತೈತಿ. ಕುಂತು ಕುಂತು ಒಳಗ ಕರೀಬ್ಯಾಡ್ರಿ. ದಿನಾ ಜೋರ್ ನಡೀರಿ" ಎಂದರು ಡಾಕ್ಟರು.

ಮೈಸೂರಿನಲ್ಲಿ ನಡೆಯುವವನನ್ನು ಕಂಡರೆ ಜನ ದಾರಿ ಬಿಡುತ್ತಾರೆ, ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ವಾಕಿಂಗ್ ಏನಿದ್ದರೂ ಮುಂಜಾನೆ, ಮೈದಾನದಲ್ಲಿ. ಸಂಜೆ ರಸ್ತೆಯಲ್ಲಿ ನಡೆಯುವವನು ಬಸ್ಸು ತಪ್ಪಿಸಿಕೊಂಡವನು. ಒಂದು ದಿನ ನಮ್ಮ ಕಾಲೇಜಿನ ಗುಮಾಸ್ತ ಬಸವರಾಜ, ನಾನು ಒಲ್ಲೆನೆಂದಾಗ ಮುಖ ಸಣ್ಣದು ಮಾಡಿ, "ನಮ್ಮ ಗಾಡಿ ನಡ್ಯಂಗಿಲ್ಲೇನ್ರಿ ನಿಮಗ?" ಎಂದುಬಿಟ್ಟ. ಆ ಮಾತು ಚುರುಕ್ಕೆಂದಿತು. ಅಂದಿನಿಂದ ಕರೆದವರ ಗಾಡಿಯನ್ನೆಲ್ಲ ಹತ್ತತೊಡಗಿದೆ. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿಯುವ ಬದಲು ಏರಿತ್ತು. ಅಪ್ಪನ ಪೈಜಾಮದ ಮಡಚಿಟ್ಟ ಖಾಲಿ ಕಾಲು ಕಣ್ಮುಂದೆ ಬಂತು. ಹೆದರಿದೆ.

ಮನೆಯೊಡತಿ ಶರಣಮ್ಮನ ಹತ್ತಿರ ಹೇಳಿಕೊಂಡೆ. ಆಕೆಯ ಹರೆಯವೆಲ್ಲ ಜವಳಗೇರಾದ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುತ್ತ ಕಳೆದದ್ದು. "ಬಗ್ಗಿ ಬಗ್ಗಿ ನಡಾ ಹೋತು, ಸಕ್ಕರಿ ಬರ್ಲಿಲ್ಲ. ಈಗ ಕುಂತೀನಲ್ಲ, ನನಗೂ ಬಂದೈತಿ" ಎಂದು ನಕ್ಕಳು. "ನಿಮ್ಮ ಗಾಡಿ ಸುದ್ದಿ ನಾ ನೋಡ್ಕೊಂತೀನಿ ಬಿಡ್ರಿ."

ಮರುದಿನ ಒಂದು ಗಾಡಿಯೂ ನಿಲ್ಲಲಿಲ್ಲ. ಬಸವರಾಜ ದೂರದಿಂದಲೇ ಕೈ ಮುಗಿದು ಹೋದ. ಶರಣಮ್ಮ ಓಣಿಗೆಲ್ಲ ಹೇಳಿದ್ದಳು: "ಸರ್ದು ಹರಕಿ ಐತಿ. ಗಾಡಿ ಹತ್ತಂಗಿಲ್ಲ."

ಅಲ್ಲಿಗೇ ಮುಗಿಯಲಿಲ್ಲ. ಹರಕೆಗೆ ನಡೆಯುವವರನ್ನು ಈ ಜನ ಬರಿಹೊಟ್ಟೆಯಲ್ಲಿ ಬಿಡುವವರಲ್ಲ. ಒಬ್ಬರು ಬಾಳೆಹಣ್ಣು ಕೊಟ್ಟರೆ ಇನ್ನೊಬ್ಬರು ಸಿರಾ, ಅಂದರೆ ನಮ್ಮ ಕಡೆಯ ಕೇಸರಿಬಾತು. ಚಹಾದಂಗಡಿಯ ಹುಸೇನಪ್ಪ ಕೈ ಹಿಡಿದು ಕೂರಿಸಿ, ಸಕ್ಕರೆ ಸುರಿದ ಚಹಾ ಮುಂದಿಟ್ಟ. "ಸಕ್ಕರೆಯನ್ನೂ ಬಿಟ್ಟಿದ್ದೇನೆ" ಎಂದೆ.

"ಬಾಳ ಖಡಕ್ ಹರಕಿ! ಯಾ ದ್ಯಾವರಿಗ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮಪ್ಪನಿಗೆ" ಎಂದು ಆ ಕಾಲಿನ ಕಥೆ ಹೇಳಿದೆ. ಹುಸೇನಪ್ಪ ಲೋಟ ಹಿಂದಕ್ಕೆ ತೆಗೆದುಕೊಂಡ. "ನಾಳಿಂದ ಸಪ್ಪನ್ ಚಾ ಇಡ್ತೀನಿ. ಕುಂದ್ರಬ್ಯಾಡ್ರಿ, ನಿಂತೇ ಕುಡೀರಿ. ಹೂಂ, ನಡೀರಿನ್ನ."

ಮೊನ್ನೆ ಡಾಕ್ಟರು, "ಹಿಂದಕ್ ಸರದೈತ್ರಿ, ಆದ್ರ ನಡ್ಯೋದು ಬಿಡಬ್ಯಾಡ್ರಿ" ಎಂದರು. ಕೇಳಿ ಕಣ್ಣು ತುಂಬಿತು.

ಈಗ ರಜೆಗೆ ಮೈಸೂರಿಗೆ ಬಂದಿದ್ದೇನೆ. ಕೆರೆಯ ದಂಡೆಯ ಮೇಲೆ ಎಷ್ಟೊಂದು ಜನ ನಡೆಯುತ್ತಾರೆ. ದಾರಿ ಚೆನ್ನಾಗಿದೆ, ನೆರಳಿದೆ, ಇದು ನನ್ನೂರು. ಆದರೂ ಮನೆಗೆ ಮರಳುವಾಗ ಬೆನ್ನ ಹಿಂದೆ ಬೈಕಿನ ಸದ್ದು ಕೇಳಿದರೆ, "ಹರಕಿ ಐತ್ರಿ" ಎನ್ನಲು ಸಿದ್ಧನಾಗಿ ತಿರುಗುತ್ತೇನೆ. ಯಾರೂ ನಿಲ್ಲಿಸುವುದಿಲ್ಲ.